ಶಂಭಯ್ಯನ ಕೂದಲು

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಇಂದು ಮಾಡಬೇಕಾದದ್ದನ್ನು ಇಂದು ಮಾಡಲಾಗದೆ ಹೋದರೆ, ಮುಂದೊಂದು ದಿನ ಎರಡರಷ್ಟು ಶ್ರದ್ಧೆಯಿಂದ ಮಾಡಬಹುದಲ್ಲ. ಅದು ಸಲ್ಲುವುದಿಲ್ಲವೇ?"

ಅವನ ಕೈಯಲ್ಲಿ ಊರಿನಿಂದ ಬಂದ ಕಾಗದವಿತ್ತು. ತಾಯಿಯಿಲ್ಲದ ಅವನನ್ನು ಸಾಕಿದ ಅಕ್ಕ ಹಾಸಿಗೆ ಹಿಡಿದಿದ್ದಳು. ಒಮ್ಮೆ ಬಂದು ಹೋಗು ಎಂದು ಬರೆಸಿದ್ದಳು. ಅವನ ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನವಿತ್ತು. ಪರೀಕ್ಷೆ ಮುಗಿಸಿ ಹೋಗಿ, ಒಂದು ತಿಂಗಳು ಅವಳ ಬಳಿಯೇ ಇರುವುದೆಂದು ಅವನ ಯೋಚನೆ. ಗುರುವಿಗೆ ಇದೆಲ್ಲ ತಿಳಿದಿತ್ತು. ಅವರು ಒಂದು ಕತೆ ಹೇಳಿದರು.

ಒಬ್ಬ ನಟನಿದ್ದ. ಮೂವತ್ತು ವರ್ಷ ಸಿನಿಮಾಗಳಲ್ಲಿ ಸಣ್ಣ ಪಾತ್ರಗಳನ್ನು ಮಾಡಿದ. ಎಲ್ಲ ಮುಗಿದ ಮೇಲೆ ಜೀಪಿನಿಂದ ಇಳಿಯುವ ಇನ್ಸ್‌ಪೆಕ್ಟರ್ ಅವನೇ. ಆಪರೇಷನ್ ಕೋಣೆಯಿಂದ ಹೊರಗೆ ಬಂದು, ಕನ್ನಡಕ ತೆಗೆದು, ತಲೆಯಾಡಿಸುವ ಡಾಕ್ಟರೂ ಅವನೇ. ಬೀದಿಯಲ್ಲಿ ಜನ ಅವನನ್ನು ಕಂಡು ನಿಲ್ಲುತ್ತಿದ್ದರು. ಎಲ್ಲಿ ನೋಡಿದ್ದೆಂದು ಹೊಳೆಯದೆ, "ನೀವು ನಮ್ಮ ಬ್ಯಾಂಕಿನಲ್ಲಿ ಇದ್ರಲ್ವಾ?" ಎಂದು ಕೇಳಿ ಹೋಗುತ್ತಿದ್ದರು.

ಐವತ್ತೆರಡನೆಯ ವಯಸ್ಸಿನಲ್ಲಿ ಅವನಿಗೆ ಟೀವಿ ಧಾರಾವಾಹಿಯೊಂದರಲ್ಲಿ ದೊಡ್ಡ ಪಾತ್ರ ಸಿಕ್ಕಿತು. ಶಂಭಯ್ಯ ಎಂಬ ಮನೆಯ ಹಿರಿಯ. ಹಿಂದಕ್ಕೆ ಬಾಚಿದ ದಟ್ಟ ಕೂದಲು, ಅದಕ್ಕೊಪ್ಪುವ ಮೀಸೆ. ಎರಡೂ ನಟನ ಸ್ವಂತದವು. ಪಾತ್ರ ಸಿಕ್ಕಿದ್ದು ನನಗಲ್ಲ, ಕೂದಲಿಗೆ ಎಂದು ಅವನು ನಗುತ್ತಿದ್ದ. ಜನ ಮೊದಲ ಬಾರಿಗೆ ಅವನನ್ನು ಹೆಸರು ಹಿಡಿದು ಕರೆದರು. ಆ ಹೆಸರು ಅವನದಾಗಿರಲಿಲ್ಲ, ಅಷ್ಟೆ.

ಅವನ ತಾಯಿ ಕಿರಿಯ ಮಗನ ಜೊತೆ ಊರಿನಲ್ಲಿದ್ದಳು. ಒಂದು ದಿನವೂ ಬಿಡದೆ ಧಾರಾವಾಹಿ ನೋಡುತ್ತಿದ್ದಳು. ನೆರೆಯವರು ಶಂಭಯ್ಯನ ತಾಯಿ ಎಂದು ಕರೆದರೆ, "ಶಂಭಯ್ಯನ್ನ ಹೆತ್ತವಳು ಆ ಟೀವಿಯೊಳಗಿದಾಳೆ. ಎಣ್ಣೆ ಹಚ್ಚಿ ಆ ಕೂದಲು ಬೆಳೆಸಿದವಳು ಮಾತ್ರ ನಾನು" ಎನ್ನುತ್ತಿದ್ದಳು.

ಆ ತಾಯಿ ತೀರಿಕೊಂಡಳು. ನಟ ಹಿರಿಯ ಮಗ. ತಲೆ ಮೀಸೆ ಬೋಳಿಸಿಕೊಂಡು ಕ್ರಿಯೆಗೆ ಕೂರಬೇಕಾದವನು. ಊರಿಗೆ ಹೊರಡುವ ಮೊದಲು ಅದನ್ನು ನಿರ್ದೇಶಕನಿಗೆ ತಿಳಿಸಿದ.

ನಿರ್ದೇಶಕ ಅವನ ಕೈ ಹಿಡಿದುಕೊಂಡ. "ಹೇಗೆ ಹೇಳಲಿ ಗೊತ್ತಾಗ್ತಿಲ್ಲ ಅಣ್ಣಾ. ಮಗಳ ಮದುವೆ ಸೀನು ಅರ್ಧಕ್ಕೆ ನಿಂತಿದೆ. ನಿನ್ನೆ ಅಳಿಯನ ಕಾಲು ತೊಳೆಯುವಾಗ ಇದ್ದ ಕೂದಲು, ಧಾರೆ ಎರೆಯುವಾಗ ಇಲ್ಲ ಅಂದ್ರೆ ಕಂಟಿನ್ಯುಟಿ ಹೋಗುತ್ತೆ."

"ವಿಗ್ ಹಾಕಿಕೊಂಡರೆ?"

"ಬೇರೆಯವರಾಗಿದ್ರೆ ನಡೀತಿತ್ತು. ನಿಮ್ಮ ಕೂದಲನ್ನ ಇಡೀ ರಾಜ್ಯ ನೋಡಿದೆ."

ಅಷ್ಟು ದುಃಖದ ನಡುವೆಯೂ ನಟನಿಗೆ ಆ ಮಾತಿನಿಂದ ಸ್ವಲ್ಪ ಸಂತೋಷವಾಯಿತು. ಆ ಸಂತೋಷವನ್ನು ಅವನು ಮುಂದೆ ಎಂದೂ ಮರೆಯಲಿಲ್ಲ.

ಊರಿನಲ್ಲಿ ತಮ್ಮ ತಲೆ ಬೋಳಿಸಿಕೊಂಡು ಕ್ರಿಯೆಗೆ ಕೂತ. ನಟ ಅವನ ಹಿಂದೆ ನಿಂತ. ಮನಸ್ಸು ಮುಖ್ಯ ಎಂದು ಪುರೋಹಿತರು ಹೇಳಿದರು. ಸೋದರತ್ತೆಯೊಬ್ಬಳು ಮಾತ್ರ, "ಶಂಭಯ್ಯ ಬಂದಿದಾನೆ, ಸರಿ. ನಮ್ಮ ಹುಡುಗ ಎಲ್ಲಿ?" ಎಂದಳು. ವರ್ಷದ ತಿಥಿಗೆ ಬೋಳಿಸಿಕೊಳ್ಳುತ್ತೇನೆ, ಅಷ್ಟರಲ್ಲಿ ಧಾರಾವಾಹಿ ಮುಗಿದಿರುತ್ತದೆ ಎಂದು ನಟ ತಮ್ಮನಿಗೆ ಹೇಳಿದ. ತಮ್ಮ ಆಗಲಿ ಎಂದ.

ಧಾರಾವಾಹಿ ಮುಗಿಯಲಿಲ್ಲ. ತಿಥಿಯ ದಿನ ಶಂಭಯ್ಯನ ಮೊಮ್ಮಗುವಿಗೆ ನಾಮಕರಣವಿತ್ತು.

ಅದರ ಮರುವರ್ಷ, ಶಂಭಯ್ಯನ ತಾಯಿಯ ಪಾತ್ರ ಮಾಡುತ್ತಿದ್ದಾಕೆಗೆ ಬೇರೆ ಧಾರಾವಾಹಿ ಸಿಕ್ಕಿತು. ಅವಳು ನಟನಿಗಿಂತ ಎರಡು ವರ್ಷ ಚಿಕ್ಕವಳು. ಕತೆ ಬರೆಯುವವರು ಅವಳನ್ನು ಸಾಯಿಸಿದರು. ನಿರ್ದೇಶಕ ಬಂದು, "ಅಣ್ಣಾ, ಈಗ ಬೋಳಿಸಬೇಕಾಗುತ್ತೆ. ನಿಜವಾಗಿಯೇ" ಎಂದ. ನಟ ಎರಡು ಮಾತಾಡದೆ ಒಪ್ಪಿದ. ಇದು ನನ್ನ ತಾಯಿಗೆ ಎಂದು ಮನಸ್ಸಿನಲ್ಲಿ ಅಂದುಕೊಂಡ.

ಹೊಳೆಯ ದಂಡೆಯಲ್ಲಿ ಮೂರು ಕ್ಯಾಮೆರಾ ಇಟ್ಟರು. ಆ ದೃಶ್ಯವನ್ನು ಎರಡನೆಯ ಬಾರಿ ತೆಗೆಯುವಂತಿರಲಿಲ್ಲ. ಕ್ಷೌರಿಕ ತಲೆಗೆ ನೀರು ಹಾಕಿದ. ನಟ ತಾಯಿಯ ಹೆಸರನ್ನೂ ಗೋತ್ರವನ್ನೂ ಒಳಗೇ ಹೇಳಿಕೊಂಡ. ಮೊದಲ ಹಿಡಿ ಕೂದಲು ಮಡಿಲಿಗೆ ಬಿದ್ದಾಗ ಅತ್ತುಬಿಟ್ಟ. ಕಟ್ ಎನ್ನಲು ನಿರ್ದೇಶಕನಿಗೆ ಮರೆತುಹೋಯಿತು. ಕೊನೆಗೆ ಓಡಿ ಬಂದು ಅವನನ್ನು ತಬ್ಬಿಕೊಂಡು, "ಎಂಥ ನಟನೆ ಅಣ್ಣಾ" ಎಂದ. ಮುಂದೆ ಆ ದೃಶ್ಯಕ್ಕೆ ಪ್ರಶಸ್ತಿಯೂ ಬಂತು.

ಕೂದಲು ಮತ್ತೆ ಮೊಳೆಯುವ ಮೊದಲೇ ತೋರಿಸಬೇಕೆಂದು ನಟ ಅದೇ ವಾರ ಊರಿಗೆ ಹೋದ. ತಮ್ಮನ ಎದುರು ಕೂತು ಟೋಪಿ ತೆಗೆದ.

ತಮ್ಮ ಆ ತಲೆಯನ್ನು ನೋಡಿದ. "ಟೀವಿಲಿ ನೋಡಿದ್ವಿ ಅಣ್ಣ. ಚೆನ್ನಾಗಿ ಮಾಡಿದೀಯ" ಎಂದ.

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಇದು ನಮ್ಮ ಅಮ್ಮನಿಗೆ ಮಾಡಿದ್ದು ಎಂದು ಹೇಳಲು ನಟ ಬಾಯಿ ತೆರೆದ. ಹೇಗೆ ಹೇಳಿದರೂ ಅದು ಶಂಭಯ್ಯನ ಮಾತಿನಂತೆಯೇ ಕೇಳಿಸುತ್ತದೆ ಎಂದು ಅವನಿಗೆ ಅನ್ನಿಸಿತು. ಟೋಪಿ ಹಾಕಿಕೊಂಡು, ಕೊಟ್ಟ ಕಾಫಿ ಕುಡಿದ.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಇನ್ನೂ ಏನೋ ಇರಬೇಕೆಂದು ಕಾದ. ಕಾಗದವನ್ನು ಮಡಿಸಿದ, ಬಿಡಿಸಿದ. ಆಮೇಲೆ ಕೇಳಿದ: "ಆದರೆ ಅವನ ಅಳು ನಿಜವಾಗಿತ್ತಲ್ಲ ಗುರುಗಳೇ? ಅದು ತಾಯಿಗೆ ಸಲ್ಲಲಿಲ್ಲವೇ?"

"ಅದನ್ನು ಹೇಳಬೇಕಾದವಳು ಆ ತಾಯಿ," ಎಂದರು ಗುರು, "ನಿನಗೆ ಹೇಳಲು ನಿನ್ನ ಅಕ್ಕ ಇನ್ನೂ ಇದ್ದಾಳೆ."