ಜೇಡದ ಜಾಲದಲ್ಲಿ ಅಭಿಪ್ರಾಯ ಸಂಗ್ರಹ

ಕೆರೆ ಹತ್ತಿರವಾಗಲೆಂದು ಆನೆರಾಯ ಹುಲ್ಲುಗಾವಲಿನ ನಡುವೆ ಹೊಸ ದಾರಿ ತುಳಿಯಲು ಹೊರಟ. ಅವನ ಕಾಲೆಂದರೆ ಎಂಥ ಕಾಲು, ಒಂದು ಸಲ ಊರಿದರೆ ಒಂದೂರಿನ ಹುಳಗಳೆಲ್ಲ ಚಟ್ನಿ. ಆದರೂ ಪ್ರಜೆಗಳನ್ನು ಒಂದು ಮಾತು ಕೇಳೋಣವೆಂದ.

"ಅವರೆಲ್ಲ ಇಲ್ಲಿಗೇಕೆ ಬರಬೇಕು, ಮಹಾಸ್ವಾಮಿ? ನನ್ನ ಜಾಲಕ್ಕೆ ಬಂದು ಹೇಳಲಿ, ನಾನು ತಮಗೆ ಮುಟ್ಟಿಸುತ್ತೇನೆ" ಎಂದು ಮಂತ್ರಿ ಜೇಡ ಆಲದಿಂದ ಬೇವಿಗೆ, ಬೇವಿನಿಂದ ಮೋಡಕ್ಕೆ ಬಲೆ ನೇಯ್ದಿತು.

ಮೊದಲು ನೊಣ ಬಂದು ಕೂತಿತು. "ಆ ದಾರಿ ತುಳಿದರೆ ನಾವು ಉಳಿಯಲ್ಲ, ಬುದ್ಧಿ. ಮಾತಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ" ಅಂದಿತು. ಜೇಡ ಹಾಕಿಕೊಂಡಿತು. ಸೊಳ್ಳೆ, ಪತಂಗ, ಮಿಡತೆ ಎಲ್ಲವೂ ಮರ್ಯಾದಸ್ಥ ಮನೆತನದವು, ಹಾಗೇ ಕೇಳಿಕೊಂಡವು. ಜೇಡ ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಅದರ ಹೊಟ್ಟೆ ಹಲಸಿನಹಣ್ಣಿನಷ್ಟಾಯಿತು.

ಸಗಣಿಹುಳ ಇದನ್ನು ನೋಡಿತು. ಅದರ ಮನೆಮಠ, ಮಕ್ಕಳು ಇದ್ದದ್ದು ಆ ದಾರಿಯ ನಟ್ಟನಡುವೆ.

"ಬಾ ಮಾವ, ನಿಂದೂ ಒಂದು ಅಭಿಪ್ರಾಯ ಹಾಕು" ಎಂದಿತು ಜೇಡ.

"ನಾನು ಸಗಣಿಯಲ್ಲಿ ಬೆಳೆದವನು, ಅಳಿಯಾ. ನಿಮ್ಮ ನಯವಿನಯ ನನಗೆ ಬರೋದಿಲ್ಲ" ಎಂದ ಸಗಣಿಹುಳ ಸೀದಾ ಸೊಂಡಿಲು ಹತ್ತಿ ಆನೆಯ ಕಿವಿಯೊಳಗೆ ಹೊಕ್ಕು ಕೂತಿತು.

"ಪ್ರಜೆಗಳು ಏನಂದರು, ಮಂತ್ರಿ?" ಎಂದ ಆನೆರಾಯ.

"ಒಂದು ತಕರಾರೂ ಉಳಿದಿಲ್ಲ, ಮಹಾಸ್ವಾಮಿ."

"ಒಂದು ಉಳಿದಿದೆ" ಎಂದಿತು ಕಿವಿಯೊಳಗಿನ ಹುಳ. "ನೀವು ಹಳೇ ದಾರಿ ಹಿಡಿಯೋವರೆಗೂ ಇಲ್ಲೇ ಕೆದಕುತ್ತಾ ಇರ್ತೀನಿ."

ಆನೆರಾಯ ಕುಣಿದ, ಮರಕ್ಕೆ ತಲೆ ತಿಕ್ಕಿದ, ಕೊನೆಗೆ ಹಳೇ ದಾರಿಯನ್ನೇ ಹಿಡಿದ. ಇನ್ನೊಬ್ಬ ಪ್ರಜೆ ಒಳಗೆ ನುಗ್ಗದಿರಲೆಂದು ಆನೆಗಳು ಅಂದಿನಿಂದ ಕಿವಿ ಬೀಸುವುದನ್ನು ನಿಲ್ಲಿಸಿಲ್ಲ.