ಅಳಿವೆಯ ಬಾಯಲ್ಲಿ ಎರಡು ನಕ್ಷೆ

ಮಳೆಗಾಲ ಮುಗಿದ ವಾರದಲ್ಲಿ ದೂರಯಾನದ ಹಾಯಿದೋಣಿಯೊಂದು ಹೊಳೆ ಕಡಲು ಸೇರುವ ಅಳಿವೆಯೆದುರು ಬಂದು ನಿಂತಿತು. ಬೆನ್ನ ಹಿಂದೆ ಬಿರುಗಾಳಿ ಏಳುತ್ತಿತ್ತು. ಹೊರಗೇ ಉಳಿದರೆ ಅಪಾಯ, ಒಳಗೆ ಹೋಗುವಾಗ ತಳ ಮರಳಿಗೆ ತಾಗಿದರೂ ಅಪಾಯ. ಅದರ ಟ್ಯಾಬಿನಲ್ಲಿ ಕೊಳ್ಳುವ ಮುಂಚೆ ಪರೀಕ್ಷೆಗೆಂದು ಹಾಕಿಕೊಂಡ ಎರಡು ಎಲೆಕ್ಟ್ರಾನಿಕ್ ನಕ್ಷೆಗಳಿದ್ದವು.

"ಇಲ್ಲಿ ನೀರು ಎಷ್ಟಿದೆ? ಬೇಗ ಹೇಳಿ," ಎಂದಿತು ದೋಣಿ.

"ಎರಡು ಮಾರು ಆಳ, ಅಕ್ಕ. ಕಣ್ಣು ಮುಚ್ಚಿಕೊಂಡು ನಡೆಯಿರಿ," ಎಂದಿತು ಬಣ್ಣದ ನಕ್ಷೆ.

ಸಾದಾ ನಕ್ಷೆ ಹೇಳಿತು: "ನನ್ನಲ್ಲೂ ಎರಡೇ ಮಾರು. ಆದರೆ ಅಳೆದದ್ದು ಮಳೆಗೆ ಮುಂಚೆ. ಹೊಳೆ ಮರಳನ್ನು ಎಲ್ಲಿಗೆ ತಳ್ಳಿದೆಯೋ ನಾನರಿಯೆ. ಅರ್ಧ ಗಂಟೆ ತಾಳಿ. ಮೀನುದೋಣಿಗಳು ವಾಪಸ್ ಬರುತ್ತವೆ, ಅವುಗಳ ಹಿಂದೆ ಹೋಗಿ."

"ನನ್ನ ಎದೆ ಹೊಡೆದುಕೊಳ್ಳುತ್ತಿದೆ, ನಿನ್ನದೊಂದು ಅಪಶಕುನ!" ಎಂದು ದೋಣಿ ಸಾದಾ ನಕ್ಷೆಯನ್ನು ಅಳಿಸಿಹಾಕಿತು. ಅಂಜಿದ ಗಿರಾಕಿ ಸರಕು ನೋಡುವುದಿಲ್ಲ, ಸಮಾಧಾನದ ಮಾತು ಕೊಳ್ಳುತ್ತಾನೆ.

ನೂರು ಮಾರು ಹೋಗುವಷ್ಟರಲ್ಲಿ ತಳ ಮರಳಿನಲ್ಲಿ ಹೂತು ದೋಣಿ ಪಕ್ಕಕ್ಕೆ ವಾಲಿತು. ಅಲೆ ಮೈಮೇಲೇರಿ ಬಂತು.

"ಅಯ್ಯೋ, ಸತ್ತೆನಲ್ಲೋ!" ಎಂದು ದೋಣಿ ಚೀರಿತು.

"ಗಾಬರಿ ಬೇಡ ಅಕ್ಕ," ಎಂದಿತು ಬಣ್ಣದ ನಕ್ಷೆ, "ನೀವು ಒಳ್ಳೆ ಆಳದ ನೀರಿನಲ್ಲೇ ಇದ್ದೀರಿ."