ಕೈಯಾರೆ ತುಂಬಿದ ತೋಟಾ

"ಬುದ್ಧಿ, ನನ್ನ ಮನಸ್ಸು ಶುದ್ಧವಾಗಿದೆ. ಹಾಗಿರುವಾಗ ನಾನು ನ್ಯಾಯ ಹೇಳುವ ಕಡೆ ಇನ್ನೊಬ್ಬರು ಏಕೆ ಕೂರಬೇಕು?" ಎಂದು ಮುಪ್ಪಯ್ಯ ಕೇಳಿದ.

ಸುತ್ತಿನ ಹಳ್ಳಿಗಳ ಜಗಳಗಳು ಮಠಕ್ಕೆ ಬರುತ್ತಿದ್ದವು. ಈಚೆಗೆ ಗುರುಗಳು ಅವನ್ನು ಈ ಶಿಷ್ಯನಿಗೆ ಒಪ್ಪಿಸಿದ್ದರು. ಇನ್ನು ಮುಂದೆ ಊರಿನ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ವಿಚಾರಣೆ ಮಾಡು ಎಂದು ಅಂದು ಬೆಳಿಗ್ಗೆ ಹೇಳಿದ್ದರು. ಆ ಮಾತು ಅವನಿಗೆ ಚುಚ್ಚಿತ್ತು.

ಗುರುಗಳು ಅವನಿಗೆ ಕೂರಲು ಹೇಳಿ ಕತೆ ಶುರು ಮಾಡಿದರು.

ಕಾಡಂಚಿನಲ್ಲಿ ಒಬ್ಬ ರೈತನಿದ್ದ. ಮುಸುಕಿನ ಜೋಳ ಬೆಳೆಯುತ್ತಿದ್ದ. ಹಂದಿಗಳ ಕಾಟ ತಡೆಯಲು ಪರವಾನಗಿ ಪಡೆದು ಒಂದು ಕೋವಿ ಇಟ್ಟುಕೊಂಡಿದ್ದ. ಕೋವಿಗೆ ಹಾಕಲು ಪೇಟೆಯಲ್ಲಿ ಸಿಗುವ ತೋಟಾ ಅವನಿಗೆ ಹಿಡಿಸುತ್ತಿರಲಿಲ್ಲ. ಅದರಲ್ಲಿ ಮದ್ದು ಜಾಸ್ತಿ, ತಗುಲಿದರೆ ಪ್ರಾಣಿ ಸತ್ತೇ ಹೋಗುತ್ತದೆ. ಅವನಿಗೆ ಹಂದಿ ಹೆದರಿ ಓಡಿದರೆ ಸಾಕಿತ್ತು. ಹಾಗಾಗಿ ಹಾರಿಸಿದ ತೋಟಾಗಳ ಖಾಲಿ ಕೊಳವೆಗಳನ್ನು ಎತ್ತಿಟ್ಟು, ಮದ್ದು ಕಡಿಮೆ ಮಾಡಿ, ಸೀಸದ ಸಣ್ಣ ಗುಂಡು ಹಾಕಿ ತಾನೇ ತುಂಬಿಕೊಳ್ಳುತ್ತಿದ್ದ.

ಕೋವಿ ಅಂಗಡಿಯವನು ಒಮ್ಮೆ ಎಚ್ಚರಿಸಿದ. "ಪರವಾನಗಿ ಇರುವುದು ಕೋವಿಗೆ ಗೌಡರೇ, ತೋಟಾ ತಯಾರಿಸುವುದಕ್ಕಲ್ಲ. ನಾಳೆ ಏನಾದರೂ ಆದರೆ ಇದು ನಿಮ್ಮ ತಲೆಗೇ ಬರುತ್ತದೆ."

"ನನ್ನ ಕೈ ನನಗೆ ಗೊತ್ತಿಲ್ಲವೇ?" ಎಂದ ರೈತ. "ಒಂದು ತುಂಬಿದ ಹಾಗೇ ಇನ್ನೊಂದನ್ನೂ ತುಂಬುತ್ತೇನೆ."

ಪಕ್ಕದ ಹೊಲದವನಿಗೂ ಅವನಿಗೂ ನೀರಿನ ವಿಚಾರದಲ್ಲಿ ಮನಸ್ತಾಪವಿತ್ತು. ಸಂತೆಯಲ್ಲಿ ಜನರೆದುರೇ ಬೈದಾಡಿಕೊಂಡಿದ್ದರು. ಒಂದು ಮಧ್ಯಾಹ್ನ ಆ ನೆರೆಯವನು ಮಚ್ಚು ಹಿಡಿದು ಹೊಲಕ್ಕೆ ನುಗ್ಗಿದ. ರೈತ ಕಾವಲು ಅಟ್ಟಣೆಯ ಕೆಳಗೆ ಒಬ್ಬನೇ ಕೂತಿದ್ದ. ಕೋವಿ ಎತ್ತಿಕೊಂಡು ಬೇಡ ಬೇಡ ಎಂದು ಕೂಗುತ್ತ ಹಿಂದಕ್ಕೆ ಸರಿದ. ಬೆನ್ನು ಅಟ್ಟಣೆಯ ಕಂಬಕ್ಕೆ ತಾಗಿತು. ಇನ್ನು ಸರಿಯಲು ಜಾಗವಿರಲಿಲ್ಲ. ಮಚ್ಚು ಮೇಲೆದ್ದಾಗ ಕೋವಿಯ ಕುದುರೆ ಎಳೆದ.

ಏಟು ತಿಂದವನು ತಿರುಗಿ ಓಡಿದ. ದೂರದ ಬದುವಿನ ಹತ್ತಿರ ಬಿದ್ದ. ರೈತ ಕೋವಿ ಎಸೆದು ಹಿಂದೆಯೇ ಓಡಿದ. ಹೆಗಲ ಮೇಲಿನ ಟವೆಲಿನಿಂದ ಅವನ ಎದೆ ಅದುಮಿ ಹಿಡಿದು ಜನರನ್ನು ಕೂಗಿದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ನೆರೆಯವನ ಪ್ರಾಣ ಹೋಗಿತ್ತು. ಬಂದ ಜನ ಹೊಲವನ್ನೆಲ್ಲ ತುಳಿದಿದ್ದರು. ಹೆಜ್ಜೆ ಗುರುತು, ರಕ್ತದ ಕಲೆ ಯಾವುದೂ ಉಳಿದಿರಲಿಲ್ಲ.

ರೈತ ಪೊಲೀಸರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದ. ಪ್ರಾಣ ಉಳಿಸಿಕೊಳ್ಳಲು ಹೊಡೆದವನನ್ನು ಕಾನೂನು ಕೈಬಿಡುವುದಿಲ್ಲ ಎಂದು ಅವನು ನಂಬಿದ್ದ.

ನ್ಯಾಯಾಲಯದಲ್ಲಿ ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಂತಿತು. ಸತ್ತವನು ಗುಂಡು ತಗುಲಿದಾಗ ಎಷ್ಟು ದೂರದಲ್ಲಿದ್ದ? ಕಂಬದ ಹತ್ತಿರವಿದ್ದರೆ ಆತ್ಮರಕ್ಷಣೆ. ಬದುವಿನ ಮೇಲಿದ್ದರೆ ಕೊಲೆ. ಗುಂಡುಗಳು ಎದೆಯ ತುಂಬ ಚದುರಿವೆ, ಅಂಗಡಿಯ ತೋಟಾ ಹೀಗೆ ಚದುರುವುದು ದೂರದಿಂದ ಹೊಡೆದಾಗ ಮಾತ್ರ ಎಂದು ಸರ್ಕಾರದ ತಜ್ಞರು ಹೇಳಿದರು. ಹಳೆಯ ದ್ವೇಷ ತೀರಿಸಿಕೊಳ್ಳಲೆಂದೇ ಈತ ಮನೆಯಲ್ಲಿ ಕದ್ದುಮುಚ್ಚಿ ತೋಟಾ ತಯಾರಿಸಿದ್ದಾನೆ ಎಂದು ಸರ್ಕಾರಿ ವಕೀಲರು ವಾದಿಸಿದರು.

ರೈತ ಕೈಮುಗಿದು ಹೇಳಿದ. "ಸ್ವಾಮಿ, ಅಂಗಡಿಯ ತೋಟಾದ ಲೆಕ್ಕ ನನ್ನದಕ್ಕೆ ಬರುವುದಿಲ್ಲ. ಮದ್ದು ಕಡಿಮೆ ಹಾಕಿದ್ದು, ಮದ್ದಿಗೂ ಗುಂಡಿಗೂ ನಡುವೆ ಇಡುವ ರಟ್ಟು ನಾನೇ ಕತ್ತರಿಸಿದ್ದು. ಹತ್ತಿರದಿಂದ ಹೊಡೆದರೂ ಹಾಗೇ ಚದುರುತ್ತದೆ."

"ಇದಕ್ಕೆ ಸಾಕ್ಷಿ ಯಾರು?" ಎಂದರು ನ್ಯಾಯಾಧೀಶರು.

"ನಾನೇ, ಸ್ವಾಮಿ."

ಹಿಂದೆ ಕೂತಿದ್ದವರಲ್ಲಿ ಯಾರೋ ನಕ್ಕರು.

ಅವನ ಮನೆಯಿಂದ ಪೊಲೀಸರು ಕೊಂಡೊಯ್ದಿದ್ದ ತೋಟಾಗಳು ಉಳಿದಿದ್ದವು. ಅವನ್ನಾದರೂ ಹಾರಿಸಿ ನೋಡಿ ಎಂದು ರೈತನ ವಕೀಲರು ಕೇಳಿಕೊಂಡರು. ತಜ್ಞರು ಹತ್ತಿರದಲ್ಲಿ ಹಾಳೆ ಕಟ್ಟಿ ಹಾರಿಸಿ, ಆ ಹಾಳೆಗಳನ್ನು ನ್ಯಾಯಾಲಯಕ್ಕೆ ತಂದರು. ಮೊದಲ ಹಾಳೆಯಲ್ಲಿ ತೂತುಗಳು ಚೆಲ್ಲಿದ ರಾಗಿಯಂತೆ ಹರಡಿದ್ದವು. ರೈತನಿಗೆ ಹೋದ ಜೀವ ಬಂದಂತಾಯಿತು. ಎರಡನೆಯದರಲ್ಲಿ ಎಲ್ಲ ಗುಂಡುಗಳೂ ಒಂದು ಮುಷ್ಟಿಯಗಲದಲ್ಲಿ ಹೊಕ್ಕಿದ್ದವು. ಮೂರನೆಯದು ಹಾಗೂ ಇರಲಿಲ್ಲ, ಹೀಗೂ ಇರಲಿಲ್ಲ.

ಅವೆಲ್ಲವನ್ನೂ ಅವನು ಒಂದೇ ದಿನ ಕೂತು ತುಂಬಿದ್ದ. ಒಂದರ ಹಾಗೇ ಇನ್ನೊಂದು ಎಂದು ಪ್ರಮಾಣ ಮಾಡಲೂ ತಯಾರಿದ್ದ. ಅವನು ಹಾಳೆಗಳನ್ನೇ ನೋಡುತ್ತ ನಿಂತ. ವಕೀಲರು ಏನೋ ಕೇಳುತ್ತಿದ್ದುದು ಅವನಿಗೆ ಕೇಳಿಸಲಿಲ್ಲ.

ಬೇಕೆಂದೇ ಕೊಂದ ಎಂಬುದು ಸಾಬೀತಾಗಲಿಲ್ಲ. ಪ್ರಾಣ ಉಳಿಸಿಕೊಳ್ಳಲು ಹೊಡೆದ ಎಂಬುದನ್ನೂ ನ್ಯಾಯಾಲಯ ಒಪ್ಪಲಿಲ್ಲ. ಅನುಮತಿಯಿಲ್ಲದೆ ತೋಟಾ ತಯಾರಿಸಿದ್ದಕ್ಕೂ ಸೇರಿಸಿ ಶಿಕ್ಷೆಯಾಯಿತು. ಕೋವಿ ಹೋಯಿತು, ಪರವಾನಗಿ ಹೋಯಿತು, ಅವನು ಜೈಲಿಗೆ ಹೋದ.

ನೋಡಲು ಬಂದ ಹೆಂಡತಿ ಕೇಳಿದಳು. "ಅವತ್ತು ನಾನು ಮನೆಯೊಳಗಿದ್ದೆ. ಶಬ್ದ ಮಾತ್ರ ಕೇಳಿದ್ದು. ನನ್ನ ಹತ್ತಿರವಾದರೂ ಹೇಳಿ, ಅವನು ನಿಜವಾಗಿ ಅಷ್ಟು ಹತ್ತಿರ ಇದ್ದನಾ?"

ಇದ್ದ ಎನ್ನಲು ಅವನು ಬಾಯಿ ತೆರೆದ. ಮಚ್ಚು ಕಣ್ಣಿಗೆ ಕಟ್ಟಿತು. ಬೆನ್ನಿಗೆ ಕಂಬ ತಾಗಿದ್ದು ನೆನಪಾಯಿತು. ಅದರ ಹಿಂದೆಯೇ ಆ ಹಾಳೆಗಳೂ ನೆನಪಾದವು.

"ಹತ್ತಿರವೇ ಇದ್ದ ಅಂತ ನನ್ನ ನೆನಪು," ಎಂದ.

ಅವಳು ತಲೆಯಾಡಿಸಿದಳು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಕತೆ ಮುಗಿಯಿತು. ಮುಪ್ಪಯ್ಯನಿಗೆ ಸಮಾಧಾನವಾಗಲಿಲ್ಲ. "ಬುದ್ಧಿ, ರೈತ ಹೇಳಿದ್ದು ನಿಜವೇ ಆಗಿತ್ತಲ್ಲವೇ?" ಎಂದ.

"ನಿಜವೇ," ಎಂದರು ಗುರುಗಳು.

"ಹಾಗಿದ್ದರೆ ಅವನ ಮನಸ್ಸೂ ಶುದ್ಧವಾಗಿತ್ತು, ನನ್ನದರ ಹಾಗೆ."

"ನಿನ್ನದು ಶುದ್ಧವಾಗಿದೆ ಎಂದು ನಿನಗೆ ಹೇಳಿದವರು ಯಾರು?"

ಮುಪ್ಪಯ್ಯ ಎದ್ದು, ತಾನು ನ್ಯಾಯ ಹೇಳಲು ಕೂರುವ ಚಾಪೆಯ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿದ.